ಓದು ಮುಗಿಯಿತೆ?

ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿ ಹದಮಾಡಿ, ಕಂಠದಿಂದ ಕೊರೆದು, ಮಸಿ ತೀಡಿ ಒಂದೊಂದೇ ಪ್ರತಿ ಎತ್ತಬೇಕಿದ್ದ ಕಾಲ ಅದು. ಇಂದು ಕನ್ನಡದಲ್ಲಿ ಕಾದಂಬರಿಯೊಂದು ಬಂದರೆ, ಪ್ರಕಾಶಕರಿಗೆ ಲೇಖಕರ ಮೇಲೆ ಭರವಸೆ ಇದ್ದರೆ, ಮೊದಲ ಮುದ್ರಣ ಹಾಕುವುದು ಅದೇ ಸಾವಿರ ಪ್ರತಿ. ಕವನ ಸಂಕಲನವಾದರೆ ಅದರ ಅರ್ಧವೂ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಮ್ಮ ಮಾತೃಭಾಷೆ ಎಂದು ಬರೆಸಿದವರು 4.37 ಕೋಟಿ ಜನ.

ಯಾವ ಪುಸ್ತಕ ಬಿಡುಗಡೆ ಸಮಾರಂಭಕ್ಕೆ ಹೋದರೂ ಈ ಕೊರತೆಗೆ ಒಂದೇ ಕಾರಣ ಕೇಳಿಸುತ್ತದೆ: ಮೊಬೈಲು ಬಂತು, ಓದು ಹೋಯಿತು. ಹೇಳುವವರ ನೋವು ನಿಜವಾದದ್ದು. ಆದರೆ ಆ ಒಂದು ವಾಕ್ಯದೊಳಗೆ ನಾಲ್ಕೈದು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಓದುವವರ ಸಂಖ್ಯೆ ಕುಗ್ಗಿದೆಯೆ? ಓದುವ ಹೊತ್ತು ಕುಗ್ಗಿದೆಯೆ? ಓದಿನ ಆಳ ಕುಗ್ಗಿದೆಯೆ? ಕುಗ್ಗಿರುವುದು ಓದೋ, ಪುಸ್ತಕವೋ, ಕನ್ನಡವೋ? ಇವನ್ನು ಬಿಡಿಸಿ ನೋಡುವುದು, ಒಂದೊಂದಕ್ಕೂ ಜಗತ್ತು ಕೊಟ್ಟಿರುವ ಉತ್ತರಗಳನ್ನು ಕನ್ನಡದ ಅನುಭವದ ಪಕ್ಕದಲ್ಲಿಟ್ಟು ತೂಗುವುದು ಈ ಲೇಖನದ ಕೆಲಸ.

ಒಂದು ಮಾತು, ಎರಡು ಅರ್ಥ

ಕನ್ನಡದಲ್ಲಿ ‘ಓದು’ ಎಂದರೆ ಪುಸ್ತಕ ಓದುವುದೂ ಹೌದು, ಶಾಲೆ ಕಲಿಯುವುದೂ ಹೌದು. ‘ಮಗ ಏನು ಓದ್ತಿದ್ದಾನೆ?’ ಎಂದು ಕೇಳಿದರೆ ‘ಬಿ.ಕಾಂ.’ ಎನ್ನುತ್ತೇವೆಯೇ ಹೊರತು ‘ಕರ್ವಾಲೊ’ ಕಾದಂಬರಿ ಎನ್ನುವುದಿಲ್ಲ. ‘ಅವಳ ಓದು ಮುಗೀತು, ಇನ್ನು ಮದುವೆ’ ಎಂಬ ಮಾತು ಮನೆಮನೆಯದು. ಪದವಿಯ ಕೊನೆಯ ಪರೀಕ್ಷೆ ಬರೆದ ದಿನ ಓದು ಮುಗಿಯುತ್ತದೆ ಎಂದು ಭಾಷೆಯೇ ಒಪ್ಪಿಕೊಂಡಿದೆ. ಎಷ್ಟೋ ಮನೆಗಳಲ್ಲಿ ಅದು ಅಕ್ಷರಶಃ ನಿಜವೂ ಹೌದು.

ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಎನ್‌ಸಿಎಇಆರ್ ಸಂಸ್ಥೆ 2009ರಲ್ಲಿ ದೇಶದ ಯುವಜನರ ಓದಿನ ಸಮೀಕ್ಷೆ ನಡೆಸಿತ್ತು. ಅಕ್ಷರ ಬಲ್ಲ ಯುವಜನರಲ್ಲಿ ಪಠ್ಯದ ಹೊರಗೆ ಪುಸ್ತಕ ಓದುವವರು ಸುಮಾರು ನಾಲ್ಕರಲ್ಲಿ ಒಬ್ಬರು ಎಂದು ಅದು ಕಂಡುಕೊಂಡಿತು. ಇಸವಿ ಗಮನಿಸಿ. ಆಗ ಹಳ್ಳಿಯ ಹುಡುಗರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ, ರೀಲ್ಸ್ ಎಂಬ ಮಾತೇ ಹುಟ್ಟಿರಲಿಲ್ಲ, ಅಗ್ಗದ ಡೇಟಾ ತಂದ ಜಿಯೋ ಬರಲು ಇನ್ನೂ ಏಳು ವರ್ಷವಿತ್ತು. ಉಳಿದ ಮೂವರ ಕೈಯಿಂದ ಪುಸ್ತಕ ಕಸಿದುಕೊಂಡದ್ದು ಫೋನ್ ಅಲ್ಲ. ಅವರ ಕೈಗೆ ಪುಸ್ತಕ ಬಂದೇ ಇರಲಿಲ್ಲ.

ಗಳಗನಾಥರಿಂದ ಬಾಡಿಗೆ ಲೈಬ್ರರಿಯವರೆಗೆ

ಕನ್ನಡದ ಬಹುಕಾಲದ ಓದು ಕಿವಿಯ ಓದು. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಊರಿಗೆ ಮುಟ್ಟಿದ್ದು ಗಮಕಿಗಳ ಕಂಠದಿಂದ. ಮಳೆಗಾಲದಲ್ಲಿ ಜಗುಲಿಯ ಮೇಲೆ ಒಬ್ಬರು ಓದಿದರೆ ಓಣಿಯೇ ಕೂತು ಕೇಳುತ್ತಿತ್ತು. ಒಬ್ಬರೇ ಮೂಲೆಯಲ್ಲಿ ಕುಳಿತು ಮೌನವಾಗಿ ಓದುವ ಅಭ್ಯಾಸ ಅಚ್ಚುಕೂಟದ ಜೊತೆ ಬಂತು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು. ಗಳಗನಾಥರು ತಮ್ಮ ಕಾದಂಬರಿಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಈ ಕಥೆಯನ್ನು ನಾವು ಲೇಖಕರ ತ್ಯಾಗದ ಕಥೆಯಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಬೇರೊಂದು ಸಂಗತಿಯೂ ಕಾಣುತ್ತದೆ: ಕನ್ನಡದಲ್ಲಿ ಓದುಗ ಪುಸ್ತಕವನ್ನು ಹುಡುಕಿಕೊಂಡು ಬರಲಿಲ್ಲ, ಪುಸ್ತಕವೇ ಓದುಗನ ಬಾಗಿಲಿಗೆ ಹೋಯಿತು.

ಮುಂದಿನ ಐವತ್ತು ವರ್ಷವೂ ಅದೇ ದಾರಿ. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡು, ವರ್ಷಕ್ಕೆ ಇಷ್ಟು ಪುಸ್ತಕ ಎಂದು ಅಂಚೆಯಲ್ಲಿ ಕಳಿಸಿತು. ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಊರುಗಳಿಗೆ ಹೋಗಿ ಉಪನ್ಯಾಸ ಕೊಟ್ಟರು. ಅವು ಪ್ರಚಾರೋಪನ್ಯಾಸ ಮಾಲೆಯ ಕಿರುಹೊತ್ತಗೆಗಳಾಗಿ ಪುಡಿಗಾಸಿಗೆ ಸಿಕ್ಕವು. 1956ರಲ್ಲಿ ಹುಬ್ಬಳ್ಳಿಯಿಂದ ‘ಕಸ್ತೂರಿ’ ಬಂತು. ಅದರ ಕೊನೆಯ ‘ಪುಸ್ತಕ ವಿಭಾಗ’ದ ಸಂಗ್ರಹರೂಪದಲ್ಲೇ ಜಗತ್ತಿನ ಸಾಹಿತ್ಯ ಓದಿಕೊಂಡ ಮೇಷ್ಟರುಗಳು ಉತ್ತರ ಕರ್ನಾಟಕದಲ್ಲಿ ಎಷ್ಟೋ ಮಂದಿ. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, 1983ರಲ್ಲಿ ‘ತರಂಗ’. ‘ಧಾರಾವಾಹಿ’ ಎಂದರೆ ಆಗ ವಾರಪತ್ರಿಕೆಯ ಕಾದಂಬರಿ. ಈ ವಾರದ ಕಂತು ಎಲ್ಲಿ ನಿಂತಿದೆ ಎಂದು ನಲ್ಲಿಯ ಬಳಿ ನೀರು ಹಿಡಿಯುವವರು ಮಾತಾಡಿಕೊಳ್ಳುತ್ತಿದ್ದರು. ತ್ರಿವೇಣಿಯವರ ‘ಬೆಳ್ಳಿಮೋಡ’, ‘ಶರಪಂಜರ’ಗಳನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ ಮೇಲೆ ಆ ಕಾದಂಬರಿಗಳನ್ನು ಹುಡುಕಿಕೊಂಡು ಬಂದವರು ಮತ್ತಷ್ಟು.

ಊರಿನ ಬಸ್‌ಸ್ಟ್ಯಾಂಡಿನ ಹಿಂದಿದ್ದ ಬಾಡಿಗೆ ಲೈಬ್ರರಿಯಿಂದ ಚಿಕ್ಕಮ್ಮನಿಗೆ ಕಾದಂಬರಿ ತಂದುಕೊಡುವುದು ನನ್ನ ಹೈಸ್ಕೂಲು ದಿನಗಳ ಸಂಜೆಯ ಕೆಲಸ. ದಿನಕ್ಕೆ ಇಷ್ಟು ಪೈಸೆ ಎಂದು ಲೆಕ್ಕ. ಎಂ.ಕೆ. ಇಂದಿರಾ, ಸಾಯಿಸುತೆ, ಉಷಾ ನವರತ್ನರಾಂ, ತ.ರಾ.ಸು. ಎಲ್ಲರೂ ಖಾಕಿ ಕಾಗದದ ರಟ್ಟು ಹೊದ್ದು ಒಂದೇ ಕಪಾಟಿನಲ್ಲಿ ನಿಂತಿರುತ್ತಿದ್ದರು. ಅಂಗಡಿಯವರಿಗೆ ಗಿರಾಕಿಗಳ ರುಚಿ ಬಾಯಿಪಾಠ. ‘ಇದು ನಿಮ್ಮ ಚಿಕ್ಕಮ್ಮಂಗೆ ಹಿಡಿಸಲ್ಲ, ಕೊನೇಲಿ ನಾಯಕಿ ಸಾಯ್ತಾಳೆ, ಇದನ್ನ ತಗೊಂಡು ಹೋಗಪ್ಪ’ ಎಂದು ಬೇರೆಯದನ್ನು ಕೊಡುತ್ತಿದ್ದರು. ಅಂಚಿನಲ್ಲಿ ಪೆನ್ಸಿಲಿನಿಂದ ಹಿಂದಿನ ಓದುಗಿತ್ತಿಯರು ಬರೆದ ಟಿಪ್ಪಣಿಗಳು ಇರುತ್ತಿದ್ದವು. ಚಿಕ್ಕಮ್ಮ ಕಥೆಗಿಂತ ಮೊದಲು ಅವನ್ನೇ ಓದುತ್ತಿದ್ದರು.

ಆ ಕಾಲವನ್ನು ಈಗ ಬಂಗಾರದ ಕಾಲ ಎನ್ನುತ್ತೇವೆ. ಆಗ ಮನೆಯ ಹಿರಿಯರು ಹಾಗೆ ಹೇಳಲಿಲ್ಲ. ಕಾದಂಬರಿ ಓದಿ ಹೆಣ್ಣುಮಕ್ಕಳು ಕೆಡುತ್ತಾರೆ, ಗಂಡುಮಕ್ಕಳು ಪರೀಕ್ಷೆಯಲ್ಲಿ ಫೇಲಾಗುತ್ತಾರೆ ಎಂಬ ಬೈಗುಳ ಎಲ್ಲ ಮನೆಗಳಲ್ಲಿತ್ತು. ತಮ್ಮ ಕಾದಂಬರಿಗಳ ಮೇಲೆ ಎದ್ದ ಅಶ್ಲೀಲತೆಯ ಕೂಗಿಗೆ ಅ.ನ.ಕೃ. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರಿಸಬೇಕಾಯಿತು. ಇಂದು ಫೋನಿನ ಬಗ್ಗೆ ಆಡುವ ಮಾತುಗಳಲ್ಲಿ ಕೆಲವನ್ನಾದರೂ ಅಂದು ಕಾದಂಬರಿಯ ಬಗ್ಗೆಯೇ ಆಡಲಾಗಿತ್ತು.

ಇನ್ನೊಂದು ಲೆಕ್ಕ. 1961ರಲ್ಲಿ, ಅ.ನ.ಕೃ., ತ.ರಾ.ಸು., ತ್ರಿವೇಣಿ ಮನೆಮಾತಾಗಿದ್ದಾಗ, ಅಂದಿನ ಮೈಸೂರು ರಾಜ್ಯದಲ್ಲಿ ಅಕ್ಷರ ಬಲ್ಲವರು ಜನಸಂಖ್ಯೆಯ ಕಾಲು ಭಾಗ, ಸುಮಾರು 60 ಲಕ್ಷ. 2011ರಲ್ಲಿ ಸಾಕ್ಷರತೆ ಶೇ. 75.36, ಅಂದರೆ 4 ಕೋಟಿಗೂ ಹೆಚ್ಚು ಜನ. ಅಕ್ಷರಸ್ಥರು ಏಳು ಪಟ್ಟಿನ ಹತ್ತಿರ ಹೆಚ್ಚಿದರು. ಪುಸ್ತಕದ ಮೊದಲ ಮುದ್ರಣ ಸಾವಿರದಲ್ಲೇ ನಿಂತಿತು. ಹೊಸದಾಗಿ ಅಕ್ಷರ ಕಲಿತ ಕೋಟಿಗಟ್ಟಲೆ ಜನ ಪುಸ್ತಕದ ಓದುಗರಾಗಲಿಲ್ಲ. ಕನ್ನಡದ ಮಟ್ಟಿಗೆ ವಿವರಿಸಬೇಕಾದ ಸಂಗತಿ ಇದು ಎಂದು ನನ್ನ ಎಣಿಕೆ.

ಹೊತ್ತಿನ ಲೆಕ್ಕ ಹಾಕುವವರು

ಓದಿಗೆ ಏನಾಯಿತು ಎಂಬುದಕ್ಕೆ ಉತ್ತರ ಕೊಡುವವರಲ್ಲಿ ಐದು ಪಂಥಗಳಿವೆ. ಮೊದಲ ಪಂಥದ ವಾದ ಸರಳ. ದಿನಕ್ಕೆ ಇರುವುದು 24 ಗಂಟೆ. ಅದರಲ್ಲಿ ಹೊಸದೊಂದು ಬಂದು ಕೂತರೆ ಹಳೆಯದು ಎದ್ದು ಹೋಗಬೇಕು. ನೆದರ್ಲೆಂಡ್ಸ್‌ನಲ್ಲಿ 1955ರಿಂದ ಜನರ ಬಿಡುವಿನ ಹೊತ್ತಿನ ದಾಖಲೆ ಇಟ್ಟಿದ್ದಾರೆ. ಅಲ್ಲಿ ಓದಿನ ಪಾಲು ಇಳಿಯಲಾರಂಭಿಸಿದ್ದು ಟೆಲಿವಿಷನ್ ಮನೆಗೆ ಬಂದಾಗ. ಅಂತರ್ಜಾಲ ಬರುವ ಹೊತ್ತಿಗೆ ಬಹುಪಾಲು ಇಳಿತ ಆಗಿಹೋಗಿತ್ತು.

ಅಮೆರಿಕದಲ್ಲಿ ಕಲೆಗಳಿಗೆ ನೆರವು ಕೊಡುವ ರಾಷ್ಟ್ರೀಯ ಸಂಸ್ಥೆ 1982ರಿಂದ ಎಣಿಸುತ್ತ ಬಂದಿದೆ. ವರ್ಷದಲ್ಲಿ ಒಂದಾದರೂ ಕಥೆ, ಕಾದಂಬರಿ, ಕವಿತೆ ಅಥವಾ ನಾಟಕ ಓದಿದ ವಯಸ್ಕರು ಆಗ ಶೇ. 56.9. 2002ರಲ್ಲಿ ಶೇ. 46.7ಕ್ಕೆ ಇಳಿದರು. 2008ರಲ್ಲಿ ಅದೇ ಅಂಕಿ ಶೇ. 50.2ಕ್ಕೆ ಏರಿತು, ಮತ್ತೆ ಇಳಿಯಿತು. ಸಂತೋಷಕ್ಕಾಗಿ ದಿನವೂ ಓದುವವರ ಲೆಕ್ಕ ಇನ್ನೂ ಕಠೋರ: 2004ರಲ್ಲಿ ಶೇ. 28 ಇದ್ದದ್ದು 2023ರಲ್ಲಿ ಶೇ. 16 ಎಂದು 2025ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ನಮ್ಮಲ್ಲಿ ಅಂಥ ದಿನಚರಿ ದಾಖಲೆ ಇಲ್ಲ, ಆದರೆ ಇಸವಿಗಳು ಇವೆ. ಬೆಂಗಳೂರು ದೂರದರ್ಶನ ಕೇಂದ್ರ 1981ರದ್ದು, ಉದಯ ಟಿವಿ 1994ರದ್ದು. ‘ಧಾರಾವಾಹಿ’ ಎಂಬ ಶಬ್ದ ವಾರಪತ್ರಿಕೆಯಿಂದ ಟಿವಿಗೆ ಹೋದದ್ದು ಈ ಎರಡರ ಆಸುಪಾಸಿನಲ್ಲಿ. ಬಾಡಿಗೆ ಲೈಬ್ರರಿಗಳು ಒಂದೊಂದಾಗಿ ಬಾಗಿಲು ಹಾಕಿ, ಕೆಲವು ವಿಡಿಯೋ ಕ್ಯಾಸೆಟ್ ಅಂಗಡಿಗಳಾದದ್ದು ಸ್ಮಾರ್ಟ್‌ಫೋನಿಗಿಂತ ಇಪ್ಪತ್ತು ವರ್ಷ ಮೊದಲು. ಮನೆಯ ಹೆಂಗಸರು ಮಧ್ಯಾಹ್ನದ ಕೆಲಸ ಮುಗಿಸಿ ಕಾದಂಬರಿ ಹಿಡಿಯುತ್ತಿದ್ದ ಹೊತ್ತನ್ನು ಮೊದಲು ತೆಗೆದುಕೊಂಡದ್ದು ಟಿವಿ.

ಈ ಪಂಥ ಎಷ್ಟು ಹೊತ್ತು ಹೋಯಿತೆಂದು ಚೆನ್ನಾಗಿ ಹೇಳುತ್ತದೆ. ಟಿವಿ, ಫೋನು ಎರಡೂ ಇರುವ ಎರಡು ಮನೆಗಳಲ್ಲಿ ಒಂದರಲ್ಲಿ ಪುಸ್ತಕ ಉಳಿದು ಇನ್ನೊಂದರಲ್ಲಿ ಉಳಿಯದೆ ಇರುವುದಕ್ಕೆ ಇದರ ಬಳಿ ಉತ್ತರವಿಲ್ಲ.

ಮಿದುಳು ಮತ್ತು ಪರದೆ

ಎರಡನೆಯ ಪಂಥಕ್ಕೆ ಹೊತ್ತಿಗಿಂತ ಮನಸ್ಸು ಮುಖ್ಯ. ಮಾರ್ಷಲ್ ಮೆಕ್ಲುಹಾನ್ 1962ರಲ್ಲಿ, ನೀಲ್ ಪೋಸ್ಟ್‌ಮನ್ 1985ರಲ್ಲಿ, ಮಾಧ್ಯಮ ಬದಲಾದರೆ ಯೋಚಿಸುವ ರೀತಿಯೇ ಬದಲಾಗುತ್ತದೆ ಎಂದು ವಾದಿಸಿದರು. 2010ರಲ್ಲಿ ನಿಕೊಲಸ್ ಕಾರ್ ಅದನ್ನು ಅಂತರ್ಜಾಲಕ್ಕೆ ಅನ್ವಯಿಸಿದರು. ಇವರೆಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವರು ನರವಿಜ್ಞಾನದ ಕಡೆಯಿಂದ ಬಂದ ಮೇರಿಯಾನ್ ವುಲ್ಫ್. ಅವರ ಮೂಲ ಮಾತು ಇದು: ಮಾತಾಡಲು ಮನುಷ್ಯನ ಮಿದುಳು ಹುಟ್ಟಿನಿಂದಲೇ ಸಜ್ಜಾಗಿದೆ, ಓದಲು ಅಲ್ಲ. ನೋಟಕ್ಕೆ, ಧ್ವನಿಗೆ, ಅರ್ಥಕ್ಕೆ ಮೀಸಲಾದ ಭಾಗಗಳನ್ನು ಒಂದೊಂದಾಗಿ ಬೆಸೆದು ಪ್ರತಿ ಮಗುವೂ ಹೊಸದಾಗಿ ಓದಿನ ಜಾಲವನ್ನು ಕಟ್ಟಿಕೊಳ್ಳಬೇಕು. ಯಾವ ರೀತಿ ಓದುತ್ತೇವೋ ಆ ಜಾಲ ಆ ರೀತಿ ರೂಪುಗೊಳ್ಳುತ್ತದೆ. ದಿನವಿಡೀ ಪರದೆಯ ಮೇಲೆ ಕಣ್ಣಾಡಿಸಿ ಜಾರಿಕೊಂಡು ಹೋಗುವುದನ್ನೇ ರೂಢಿಸಿಕೊಂಡವರು ಪುಸ್ತಕ ಕೈಗೆತ್ತಿಕೊಂಡಾಗಲೂ ಹಾಗೆಯೇ ಜಾರುತ್ತಾರೆ. ತಾವು ಪ್ರೀತಿಸುತ್ತಿದ್ದ ಕಾದಂಬರಿಯೊಂದಕ್ಕೆ ಮರಳಿದಾಗ ಅದನ್ನು ಓದಲಾಗದೆ ಹೋಯಿತು ಎಂದು 2018ರ ಪುಸ್ತಕದಲ್ಲಿ ವುಲ್ಫ್ ತಮ್ಮ ಅನುಭವವನ್ನೇ ಬರೆದಿದ್ದಾರೆ. ಆ ಪುಟ ಓದುವಾಗ ನನಗೆ ನನ್ನದೇ ನೆನಪಾಯಿತು. ಭೈರಪ್ಪನವರ ‘ಪರ್ವ’ವನ್ನು ಕಾಲೇಜಿನಲ್ಲಿ ಒಂದು ವಾರದಲ್ಲಿ ಮುಗಿಸಿದ್ದವನು ಈಚೆಗೆ ಮತ್ತೆ ಹಿಡಿದಾಗ ಹತ್ತು ಪುಟಕ್ಕೊಮ್ಮೆ ಕೈ ಫೋನಿನ ಕಡೆಗೆ ಹೋಗುತ್ತಿತ್ತು.

ಈ ಪಂಥದ ಕೈಯಲ್ಲಿ ಗಟ್ಟಿ ಪುರಾವೆಯೂ ಇದೆ. 2018ರಲ್ಲಿ ಸ್ಪೇನಿನ ಪಾಬ್ಲೊ ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು, ಒಟ್ಟು 1.7 ಲಕ್ಷಕ್ಕೂ ಹೆಚ್ಚು ಓದುಗರನ್ನು, ಒಟ್ಟುಗೂಡಿಸಿ ನೋಡಿದರು. ಒಂದೇ ಬರಹವನ್ನು ಕಾಗದದಲ್ಲಿ ಓದಿದವರು ಪರದೆಯಲ್ಲಿ ಓದಿದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ವರ್ಷಗಳು ಕಳೆದಂತೆ, ಜನರಿಗೆ ಪರದೆ ಹೆಚ್ಚು ಪಳಗಿದಂತೆ, ಈ ಅಂತರ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನು ಉಲ್ಲೇಖಿಸುವವರು ಕಡಿಮೆ: ವ್ಯತ್ಯಾಸ ಕಂಡದ್ದು ಮಾಹಿತಿಯ ಬರಹದಲ್ಲಿ. ಕಥೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪರದೆಯ ಮೇಲೆ ಕಾದಂಬರಿ ಓದುವವರಿಗಿಂತ ಪರದೆಯ ಮೇಲೆ ಪಾಠ ಓದುವ ಮಕ್ಕಳ ಬಗ್ಗೆ ನಾವು ಹೆಚ್ಚು ಚಿಂತಿಸಬೇಕಾಗಿದೆ. ಸ್ವೀಡನ್ ಆ ಚಿಂತೆಯನ್ನು ಸರ್ಕಾರದ ಮಟ್ಟಕ್ಕೆ ಒಯ್ದಿತು. ಶಾಲೆಗಳಿಗೆ ಮತ್ತೆ ಅಚ್ಚಿನ ಪಠ್ಯಪುಸ್ತಕ ಕೊಡಿಸಲು 2023ರಲ್ಲಿ 68.5 ಕೋಟಿ ಕ್ರೋನ ತೆಗೆದಿಟ್ಟಿತು.

ಫೋನಿನ ಮೇಲೆ ಹೊರಿಸುವ ಆರೋಪಗಳಲ್ಲಿ ನಾನು ಪೂರ್ತಿ ಒಪ್ಪುವುದು ಇದೊಂದನ್ನೇ. ಓದುಗರ ಸಂಖ್ಯೆಯನ್ನು ಫೋನು ಎಷ್ಟು ಇಳಿಸಿತೋ, ಓದುಗರಾಗಿಯೇ ಉಳಿದವರ ಏಕಾಗ್ರತೆಯನ್ನಂತೂ ಇಳಿಸಿದೆ.

‘ಓದುಗರು ಎಂದೂ ಕೆಲವರೇ’

ಮೂರನೆಯ ಪಂಥದವರಾದ ಅಮೆರಿಕದ ಸಮಾಜಶಾಸ್ತ್ರಜ್ಞೆ ವೆಂಡಿ ಗ್ರಿಸ್‌ವೋಲ್ಡ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ‘ಓದುಗ ವರ್ಗ’ ಎಂಬ ಮಾತನ್ನು ಮುಂದಿಟ್ಟರು. ಎಲ್ಲ ಸಮಾಜಗಳಲ್ಲೂ ಸಂತೋಷಕ್ಕಾಗಿ ಪುಸ್ತಕ ಓದುವವರು ಒಂದು ಸಣ್ಣ ವರ್ಗ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇಪ್ಪತ್ತನೆಯದರ ನಡುವಿನವರೆಗೆ ಪಶ್ಚಿಮದ ಕೆಲವು ದೇಶಗಳಲ್ಲಿ ಜನಸಾಮಾನ್ಯರೆಲ್ಲ ಪುಸ್ತಕ ಹಿಡಿದದ್ದು ಇತಿಹಾಸದ ಒಂದು ಅಪವಾದ, ಈಗ ಮತ್ತೆ ಹಳೆಯ ಸ್ಥಿತಿಗೆ ಮರಳುತ್ತಿದ್ದೇವೆ ಎಂಬುದು ಅವರ ವಾದ.

ಕನ್ನಡದಲ್ಲಿ ಈ ಮಾತಿಗೆ ಜಾತಿಯ ಲೆಕ್ಕವೂ ಸೇರುತ್ತದೆ. ಮನೆಯಲ್ಲಿ ಪುಸ್ತಕದ ಕಪಾಟು ಇರುವುದು, ಓದುವಾಗ ಯಾರೂ ಎಬ್ಬಿಸದಿರುವುದು, ಓದಿದ್ದನ್ನು ಮಾತಾಡಲು ಇನ್ನೊಬ್ಬರಿರುವುದು ಕೆಲವರಿಗಷ್ಟೇ ಒದಗಿದ ಭಾಗ್ಯ. ಆದರೆ ಇದೇ ಕನ್ನಡದಲ್ಲಿ ಈ ವಾದವನ್ನು ಅಲ್ಲಗಳೆಯುವ ಅನುಭವವೂ ಇದೆ. 1970ರ ದಶಕದಲ್ಲಿ, ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬ ಮಾತಿನಿಂದ ಎದ್ದ ಬೂಸಾ ಪ್ರಕರಣದ ನಂತರ, ದಲಿತ ಚಳವಳಿ ಬೆಳೆದಾಗ ಹಾಸ್ಟೆಲುಗಳ ಕೋಣೆಗಳಲ್ಲಿ ಹೊಸ ಓದುಗರು ಹುಟ್ಟಿದರು. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಯಿತು. ಅಪ್ಪ ಅಮ್ಮ ಅಕ್ಷರ ಕಾಣದ ಮನೆಗಳಿಂದ ಬಂದ ಆ ಹುಡುಗರು ಓದುಗ ವರ್ಗದಲ್ಲಿ ಹುಟ್ಟಿದವರಲ್ಲ. ಪುಸ್ತಕ ಅವರ ಬದುಕಿನ ಜರೂರಾಯಿತು, ಓದಿದರು.

ಎರಡು ತೀರ ಭಿನ್ನ ನೆಲೆಯ ಪುಸ್ತಕಗಳೂ ಅದನ್ನೇ ತೋರಿಸುತ್ತವೆ. 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ದ ಮೊದಲ ಮುದ್ರಣ ಬಿಡುಗಡೆಗೆ ಮುಂಚೆಯೇ ಮಾರಾಟವಾಗಿಹೋಯಿತು. 2022ರಲ್ಲಿ ದೇವನೂರ ಮಹಾದೇವ ಅವರ ‘ಆರ್‌ಎಸ್‌ಎಸ್ ಆಳ ಮತ್ತು ಅಗಲ’ ಎಂಬ ಕಿರುಹೊತ್ತಗೆಯನ್ನು ಹಲವು ಸಣ್ಣ ಪ್ರಕಾಶನಗಳು ಒಟ್ಟಿಗೆ ಅಚ್ಚು ಹಾಕಿ 40 ರೂಪಾಯಿಗೆ ಮಾರಿದವು. ಮುದ್ರಣದ ಮೇಲೆ ಮುದ್ರಣ ಬೇಕಾಯಿತು. ಎರಡರ ವಿಚಾರವನ್ನೂ ಒಪ್ಪುವ ಓದುಗ ಸಿಗುವುದು ಕಷ್ಟ. ಊರೆಲ್ಲ ಮಾತಾಡುವ ಪುಸ್ತಕವಾದರೆ, ಸುಲಭಕ್ಕೆ ಸಿಕ್ಕರೆ, ಇದೇ ಮೊಬೈಲಿನ ಕಾಲದಲ್ಲೂ ಕನ್ನಡಿಗರು ಕೊಂಡು ಓದುತ್ತಾರೆ.

ಓದು ಮನೆ ಬದಲಿಸಿದೆ ಎನ್ನುವವರು

ನಾಲ್ಕನೆಯವರ ಪ್ರಕಾರ ಅವನತಿ ಎಂಬ ಮಾತೇ ತಪ್ಪು. ಮನುಷ್ಯ ಇಷ್ಟು ಅಕ್ಷರಗಳನ್ನು ಹಿಂದೆಂದೂ ಓದಿರಲಿಲ್ಲ. ಪುಸ್ತಕ ಬಿಟ್ಟಿರಬಹುದು, ಓದು ಬಿಟ್ಟಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿ ಆ್ಯಪಿನಲ್ಲಿ ಕನ್ನಡದ ಧಾರಾವಾಹಿಗಳಿಗೆ ಓದುಗರಿದ್ದಾರೆ. ಬರೆಯುವವರಲ್ಲೂ ಓದುವವರಲ್ಲೂ ಹೆಣ್ಣುಮಕ್ಕಳು ಬಹಳ. ನನ್ನ ಚಿಕ್ಕಮ್ಮನ ಬಾಡಿಗೆ ಕಾದಂಬರಿಯ ವಂಶ ಅಲ್ಲಿ ಮುಂದುವರಿದಿದೆ ಎಂದರೆ ತಪ್ಪಿಲ್ಲ. ವಿಮರ್ಶಕರು ಅಂದು ಅದನ್ನು ಓದೆಂದು ಎಣಿಸಲಿಲ್ಲ, ಇಂದು ಇದನ್ನೂ ಎಣಿಸುತ್ತಿಲ್ಲ. 2020ರಲ್ಲಿ ಬಂದ ಮೈಲ್ಯಾಂಗ್ ಇ-ಪುಸ್ತಕ, ಆಡಿಯೋ ಪುಸ್ತಕಗಳನ್ನು ಅಮೆರಿಕದ, ಯುರೋಪಿನ ಕನ್ನಡಿಗರಿಗೂ ತಲುಪಿಸಿತು. ಕೇಳುವ ಪುಸ್ತಕವಂತೂ ನಮಗೆ ಹೊಸದಲ್ಲ, ಗಮಕದ ಜಗುಲಿಗೆ ಮರಳಿದಂತೆ.

ಒಪ್ಪುವಂಥ ಮಾತು ಇದರಲ್ಲಿ ಸಾಕಷ್ಟಿದೆ. ಆದರೂ ಕನ್ನಡಕ್ಕೆ ಆ ಹೊಸ ಮನೆಯ ಬಾಗಿಲು ತಡವಾಗಿ ತೆರೆಯಿತು ಎಂಬುದನ್ನು ಮರೆಯುವಂತಿಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕ ಶುರುಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಯುನಿಕೋಡ್ ಬರುವ ಮುಂಚೆ ಡಿಟಿಪಿಯಲ್ಲಿ ಬೇರೆ ಬೇರೆ ಫಾಂಟುಗಳಲ್ಲಿ ಜೋಡಿಸಿದ ಪುಸ್ತಕಗಳನ್ನು ಇ-ಪುಸ್ತಕ ಮಾಡಲು ಹೊರಟರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ, ಮತ್ತೆ ಕೂತು ತಿದ್ದಬೇಕು. ಓದು ಮನೆ ಬದಲಿಸುವಾಗ ಸಾಮಾನಿನ ಅರ್ಧ ಹಳೆಯ ಮನೆಯಲ್ಲೇ ಉಳಿದಿದೆ.

ಕೈಗೆ ಸಿಗದ ಪುಸ್ತಕ, ಕೂಡಿಸಲು ಬಾರದ ಅಕ್ಷರ

ಐದನೆಯ ಪಂಥಕ್ಕೆ ಹೆಸರಾಂತ ಸಿದ್ಧಾಂತಿಗಳಿಲ್ಲ. ಗ್ರಂಥಪಾಲಕರು, ಪ್ರಕಾಶಕರು, ಪ್ರಾಥಮಿಕ ಶಾಲೆಯ ಮೇಷ್ಟರು ಆಡುವ ಮಾತು ಇದು, ಮತ್ತು ನನ್ನ ಒಲವು ಇದರ ಕಡೆಗೆ. ಓದು ಒಬ್ಬೊಬ್ಬರ ಹವ್ಯಾಸವಲ್ಲ, ಒಂದು ಏರ್ಪಾಡು. ಪುಸ್ತಕ ತಲುಪಿಸುವ, ಓದು ಕಲಿಸುವ ಏರ್ಪಾಡು ಇದ್ದಲ್ಲಿ ಓದು ಇರುತ್ತದೆ.

ನೆರೆಯ ಕೇರಳವನ್ನೇ ನೋಡಿ. 1945ರಲ್ಲಿ ಪಿ.ಎನ್. ಪಣಿಕ್ಕರ್ 47 ಊರ ವಾಚನಾಲಯಗಳನ್ನು ಕೂಡಿಸಿ ಗ್ರಂಥಾಲಯ ಚಳವಳಿ ಕಟ್ಟಿದರು. ಅದೇ ವರ್ಷ ಕೋಟ್ಟಯಂನಲ್ಲಿ ಲೇಖಕರು ತಮ್ಮದೇ ಸಹಕಾರ ಸಂಘ ಮಾಡಿಕೊಂಡು ಪುಸ್ತಕ ಹೊರಡಿಸಿದರು. ಅಲ್ಲಿನ ಹುಡುಗರ ಕೈಯಲ್ಲಿಯೂ ಫೋನಿದೆ. ಪಕ್ಕದಲ್ಲಿ ಊರವರೇ ನಡೆಸುವ ವಾಚನಾಲಯವೂ ಇದೆ.

ನಮಗೆ ಕಾನೂನು ಇರಲಿಲ್ಲವೆಂದಲ್ಲ. 1965ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಬಂತು. ಆದರೆ ಪುಸ್ತಕೋದ್ಯಮವೆಲ್ಲ ಸರ್ಕಾರದ ಸಗಟು ಖರೀದಿಗೆ ಜೋತುಬಿತ್ತು. ಕೆಲವು ನೂರು ಪ್ರತಿ ಗ್ರಂಥಾಲಯ ಇಲಾಖೆ ಕೊಂಡರೆ ಖರ್ಚು ಹುಟ್ಟುತ್ತದೆ ಎಂದಾದ ಮೇಲೆ ಪ್ರಕಾಶಕರಿಗೆ ಓದುಗರನ್ನು ಹುಡುಕುವ ಒತ್ತಡ ಉಳಿಯಲಿಲ್ಲ. ಖರೀದಿ ತಡವಾದಾಗ, ಹಣ ಬಾರದಿದ್ದಾಗ ಮಾತ್ರ ಓದುಗರ ನೆನಪಾಯಿತು. ಜಿಲ್ಲಾ ಕೇಂದ್ರ ಬಿಟ್ಟು ತಾಲೂಕಿಗೆ ಹೋದರೆ ಪುಸ್ತಕದಂಗಡಿ ಎಂದು ಬೋರ್ಡ್ ಇರುವಲ್ಲಿ ಸಿಗುವುದು ನೋಟ್‌ಬುಕ್ಕು, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಈ ಬರಗಾಲದಲ್ಲೂ ಪಾಂಡವಪುರ ತಾಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕ ಕೂಡಿಹಾಕಿ ‘ಪುಸ್ತಕ ಮನೆ’ ಕಟ್ಟಿದರು. ಮೈಸೂರಿನಲ್ಲಿ ತಾವೇ ಶಾಲೆ ಕಲಿಯದ ಕೂಲಿ ಕಾರ್ಮಿಕರೊಬ್ಬರು ನಡೆಸುತ್ತಿದ್ದ ಉಚಿತ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದಾಗ ಗುರುತಿಲ್ಲದ ಜನರೂ ಹಣ, ಪುಸ್ತಕ ಕಳಿಸಿದರು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಮುಂದೆ ಅರಿವು ಕೇಂದ್ರಗಳಾದವು. 2020ರ ನವೆಂಬರಿನಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಕೆಲವು ಪಂಚಾಯಿತಿಗಳಲ್ಲಿ ಮಕ್ಕಳು ನೆಲದ ಮೇಲೆ ಕೂತು ಪುಸ್ತಕ ಓದುವುದನ್ನು ನಾನೇ ಕಂಡಿದ್ದೇನೆ. ಇತ್ತೀಚಿನ ವರ್ಷಗಳಲ್ಲಿ ಕನ್ನಡದ ಓದಿಗಾಗಿ ಆದ ಒಳ್ಳೆಯ ಕೆಲಸ ಇದು ಎಂದು ಧಾರಾಳವಾಗಿ ಹೇಳಬಹುದು.

ಈ ಏರ್ಪಾಡಿನ ಇನ್ನೊಂದು ಅರ್ಧ ಶಾಲೆ. ಗ್ರಾಮೀಣ ಭಾರತದ ಐದನೆಯ ತರಗತಿ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ. 50.5 ಇದ್ದರು, ಕೋವಿಡ್ ಕಳೆದ 2022ರಲ್ಲಿ ಶೇ. 42.8 ಆದರು ಎಂದು ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ವರದಿ ಹೇಳಿತು. 2024ರಲ್ಲಿ ಚೇತರಿಸಿಕೊಂಡರೂ ಅರ್ಧ ಮುಟ್ಟಲಿಲ್ಲ. ಅದೇ 2024ರ ವರದಿಯಲ್ಲಿ 14ರಿಂದ 16 ವರ್ಷದವರಲ್ಲಿ ಶೇ. 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಕನ್ನಡ ಲಿಪಿಗೆ ಅದರದೇ ಹದವೂ ಇದೆ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ಅಕ್ಷರರೂಪಗಳನ್ನು ಮಗು ಗುರುತಿಸಬೇಕು. ಇದು ಒಂದೆರಡು ವರ್ಷದ ಕೆಲಸವಲ್ಲ, ನಾಲ್ಕೈದನೆಯ ತರಗತಿಯವರೆಗೂ ನಡೆಯುತ್ತದೆ ಎಂದು ಕನ್ನಡ ಮಕ್ಕಳ ಓದನ್ನೇ ಅಭ್ಯಾಸ ಮಾಡಿದ ಸೊನಾಲಿ ನಾಗ್ 2007ರಲ್ಲಿ ತೋರಿಸಿದರು. ಅಷ್ಟರೊಳಗೆ ಇಂಗ್ಲಿಷ್ ಮಾಧ್ಯಮಕ್ಕೆ ಸರಿದ ಮಗುವಿನ ಕನ್ನಡ ಓದು ಅರೆಬೆಂದು ನಿಲ್ಲುತ್ತದೆ. ಅಂಥ ಮಗುವಿಗೆ ಒಂದು ಪುಟ ಕನ್ನಡ ಓದುವುದು ಆಯಾಸ, ವಿಡಿಯೋ ನಿರಾಯಾಸ. ಆ ಮಗು ಫೋನು ಹಿಡಿದದ್ದನ್ನು ಕಂಡು ನಾವು ಫೋನನ್ನು ದೂರುತ್ತೇವೆ.

ಇತ್ಯರ್ಥವಾಗದೆ ಉಳಿದದ್ದು

ಐದೂ ಪಂಥಗಳನ್ನು ಕೂಡಿಸಿದರೂ ಕೆಲವು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಮೊದಲನೆಯದು ಲೆಕ್ಕದ್ದೇ. ಕನ್ನಡದ ಓದುಗರನ್ನೇ ಕುರಿತು ವರ್ಷ ವರ್ಷ ನಡೆಯುವ ಸಮೀಕ್ಷೆ ಇಲ್ಲ. ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳ ನೂಕುನುಗ್ಗಲು ಕಂಡು ಒಬ್ಬರು ಓದು ಬೆಳೆದಿದೆ ಎನ್ನುತ್ತಾರೆ, ಸಾವಿರ ಪ್ರತಿ ಖರ್ಚಾಗಲು ಮೂರು ವರ್ಷ ಬೇಕಾದದ್ದು ಕಂಡು ಇನ್ನೊಬ್ಬರು ಸತ್ತಿದೆ ಎನ್ನುತ್ತಾರೆ. ಎಣಿಸುವ ಕೆಲಸವನ್ನು ಪುಸ್ತಕ ಪ್ರಾಧಿಕಾರವಾದರೂ ವಿಶ್ವವಿದ್ಯಾಲಯವಾದರೂ ಕೈಗೆತ್ತಿಕೊಳ್ಳಬೇಕು.

ಫೋನು ಕಾರಣವೋ ಫಲವೋ ಎಂಬುದೂ ತೀರ್ಮಾನವಾಗಿಲ್ಲ. ಫೋನು ಹಿಡಿದವರು ಓದು ಬಿಟ್ಟರೋ, ಓದಿಗೆ ಒಗ್ಗದವರು ಫೋನು ಹಿಡಿದರೋ? ಕೇಳುವುದು ಓದಿಗೆ ಸಮವೇ ಎಂಬುದರಲ್ಲೂ ಸಂಶೋಧಕರ ಫಲಿತಾಂಶಗಳು ಬೇರೆ ಬೇರೆ. ಪರದೆಗಿಂತ ಕಾಗದ ಮೇಲೆಂದ ಅಧ್ಯಯನಗಳು ಬಹುಪಾಲು ಪಶ್ಚಿಮದ ಭಾಷೆಗಳವು, ಒತ್ತಕ್ಷರ ಕಾಗುಣಿತಗಳ ಕನ್ನಡ ಲಿಪಿಗೆ ಅದು ಎಷ್ಟು ಹೊಂದುತ್ತದೆ ಎಂಬುದು ಇಲ್ಲಿಯ ಮಕ್ಕಳನ್ನು ಕೂರಿಸಿ ನೋಡಿಯೇ ತಿಳಿಯಬೇಕು. ಇಡೀ ಪುಸ್ತಕದ ಸಾರಾಂಶವನ್ನು ಅರೆಗಳಿಗೆಯಲ್ಲಿ ಬರೆದುಕೊಡುವ ಯಂತ್ರಗಳು ಈಗ ಬಂದಿವೆ. ಅವು ಪುಸ್ತಕಕ್ಕೆ ದಾರಿಯಾಗುತ್ತವೋ ಪುಸ್ತಕದ ಜಾಗವನ್ನೇ ಹಿಡಿಯುತ್ತವೋ ಎಂಬುದನ್ನು ಹೇಳುವ ಕಾಲ ಇನ್ನೂ ಬಂದಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಅವರ ಕನ್ನಡ ಪುಸ್ತಕಗಳನ್ನು ಕೇಳಿಕೊಂಡು ಅಂಗಡಿಗೆ ಬಂದವರಲ್ಲಿ ಎಷ್ಟು ಜನ ಮುಂದಿನ ಕನ್ನಡ ಪುಸ್ತಕಕ್ಕೂ ಬಂದರು ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಇವೆಲ್ಲ ಇತ್ಯರ್ಥವಾಗುವವರೆಗೆ ಕಾಯಬೇಕಾಗಿಲ್ಲದ ಕೆಲಸ ಒಂದಿದೆ. ನೀವು ಪಟ್ಟಣದವರಾದರೆ ನಿಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಬಾಬ್ತು ಕಾಣುತ್ತದೆ. ಆ ಹಣ ನಿಮ್ಮದು. ನಿಮ್ಮ ವಾರ್ಡಿನ ಗ್ರಂಥಾಲಯಕ್ಕೆ, ಹಳ್ಳಿಯವರಾದರೆ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಮನೆಯ ಮಗುವನ್ನು ಕರೆದುಕೊಂಡು ಒಮ್ಮೆ ಹೋಗಿ. ಬೇಕಾದ ಪುಸ್ತಕ ಅಲ್ಲಿ ಇಲ್ಲದಿದ್ದರೆ ಅದರ ಹೆಸರನ್ನು ಗ್ರಂಥಪಾಲಕರ ಬಳಿ ಬರೆದಿಟ್ಟು ಬನ್ನಿ, ಮುಂದಿನ ತಿಂಗಳು ಹೋಗಿ ಬಂತೇ ಎಂದು ಕೇಳಿ.